ಎಳ್ಳುಂಡೆ ಹೋಯಿತು, ಇನ್ನೊಂದು ಹಾವು ತರಲಾ?

ಪ್ರಶ್ನೆ: ಡಾಕ್ಟ್ರೇ, ನನಗೆ 33 ವರ್ಷ, ಬ್ಯಾಂಕ್ ಕೆಲಸ. ಬೆಂಗಳೂರಿನಲ್ಲಿದ್ದಾಗ ಒಂದು ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು) ಮರಿ ತಂದು ಸಾಕಿದ್ದೆ. 2020ರಲ್ಲಿ ಸರ್ಕಾರ ವಿದೇಶಿ ಪ್ರಾಣಿ ಸಾಕಿದವರ ವಿವರ ಕೇಳಿದಾಗ ಕೊಟ್ಟಿದ್ದೆ, ಆಮೇಲೆ ನೋಂದಣಿಯೂ ಮಾಡಿಸಿದ್ದೆ. ಮುಟ್ಟಿದರೆ ಉಂಡೆಯಾಗಿ ಸುತ್ತಿಕೊಳ್ಳುತ್ತಿತ್ತು, ಅದಕ್ಕೇ ಎಳ್ಳುಂಡೆ ಅಂತ ಹೆಸರು. ಕಳೆದ ಡಿಸೆಂಬರ್‌ನಲ್ಲಿ ವರ್ಗವಾಗಿ ಉಡುಪಿಗೆ ಬಂದೆವು, ಕುಂಜಿಬೆಟ್ಟಿನಲ್ಲಿ ಫ್ಲ್ಯಾಟ್. ಜೂನ್‌ನಲ್ಲಿ ಅದು ಊಟ ಬಿಟ್ಟಿತು. ಮೊದಲೂ ಹಾಗೆ ಮಾಡಿತ್ತು, ಹಾಗಾಗಿ ಸುಮ್ಮನಿದ್ದೆ. ಆಗಸ್ಟ್‌ನಲ್ಲಿ ತಲೆ ಮೇಲೆತ್ತಿಕೊಂಡು ಬಾಯಿ ತೆರೆದೇ ಇರುತ್ತಿತ್ತು. ತೋರಿಸಿದೆ, ಇಂಜೆಕ್ಷನ್ ಕೊಟ್ಟರು, ನಾಲ್ಕನೇ ದಿನ ಹೋಯಿತು. ಕಟಪಾಡಿಯಲ್ಲಿ ಅಮ್ಮನ ತೋಟದಲ್ಲಿ ಹೂತೆವು. ಅಮ್ಮನೇ ಒಂದು ಲೋಟ ಹಾಲು ಹೊಯ್ದರು. ಗಾಜಿನ ಪೆಟ್ಟಿಗೆ ಹಾಲ್‌ನಲ್ಲಿ ಹಾಗೇ ಇದೆ. ಇಲ್ಲಿ ಸೆಕೆ ಅಂತ ಪೆಟ್ಟಿಗೆ ಬಿಸಿ ಮಾಡುವ ಹೀಟ್ ಮ್ಯಾಟ್ ಸಂಜೆ ಮಾತ್ರ ಹಾಕುತ್ತಿದ್ದೆ. ಈಗಲೂ ಏಳು ಗಂಟೆಗೆ ಕೈ ತಾನಾಗಿ ಆ ಸ್ವಿಚ್‌ಗೆ ಹೋಗುತ್ತದೆ. ಬೆಂಗಳೂರಿನ ಪರಿಚಯದವರೊಬ್ಬರು ಸ್ಪೈಡರ್ ಅನ್ನುವ ಬಣ್ಣದ ಮರಿ ಕೊಡುತ್ತೇನೆ ಅಂತಿದ್ದಾರೆ. ಅಮ್ಮ ‘ಹಾವನ್ನು ಪೆಟ್ಟಿಗೆಯಲ್ಲಿಟ್ಟು ಒಳ್ಳೆಯದಾಗುವುದಿಲ್ಲ, ಸಾಕು’ ಅನ್ನುತ್ತಾರೆ. ಗಂಡ ‘ನಿನ್ನ ಇಷ್ಟ’ ಅನ್ನುತ್ತಾರೆ. ನನ್ನ ತಪ್ಪಿನಿಂದ ಸತ್ತಿತಾ? ಇನ್ನೊಂದು ತರಬಹುದಾ? ತಂದರೆ ಯಾವಾಗ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಆ ಸ್ವಿಚ್‌ನ ಸಾಲಿನ ಹತ್ತಿರ ನಿಂತೆ. ನೀವು ಅದನ್ನು ದುಃಖಕ್ಕೆ ಬರೆದಿದ್ದೀರಿ. ನನಗೆ ಅದರಲ್ಲಿ ಕಾರಣ ಕಂಡಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನನ್ನದೇ ಒಂದು ತಪ್ಪು ಹೇಳುತ್ತೇನೆ. ನಾಲ್ಕೈದು ವರ್ಷದ ಹಿಂದಿನ ಮಾತು. ಜುಲೈ, ಹೊರಗೆ ಧೋ ಅಂತ ಮಳೆ. ಸುರತ್ಕಲ್ ಕಡೆಯ ಒಬ್ಬ ಹುಡುಗ ಮಂಗಳೂರಿನ ನನ್ನ ಕ್ಲಿನಿಕ್ಕಿಗೆ ಮುಚ್ಚಳಕ್ಕೆ ತೂತು ಕೊರೆದ ಮೊಸರಿನ ಬಕೆಟ್ ಹಿಡಿದುಕೊಂಡು ಬಂದ. ಒಳಗೆ ದಿಂಬಿನ ಕವರ್, ಕವರ್ ಒಳಗೆ ಬಾಲ್ ಪೈಥಾನ್. ಹಾವಿಗೆ ಸ್ಟೆತಾಸ್ಕೋಪ್ ಇಟ್ಟರೆ ಹುರುಪೆ ಉಜ್ಜುವ ಸದ್ದೇ ಜಾಸ್ತಿ. ಅದಕ್ಕೆ ನಾನು ಹಾವನ್ನೇ ಎತ್ತಿ ಕಿವಿಯ ಹತ್ತಿರ ಹಿಡಿದೆ. ಗೋಲಿ ಸೋಡಾ ಲೋಟಕ್ಕೆ ಸುರಿದು ಕಿವಿಗೆ ಹತ್ತಿರ ಇಟ್ಟುಕೊಂಡರೆ ಹೇಗೆ ಚಿಟಿಚಿಟಿ ಕೇಳುತ್ತದೋ, ಹಾಗೆ. ಮೂಗಿನ ಹೊಳ್ಳೆಯಲ್ಲಿ ಒಂದು ಗುಳ್ಳೆ ಊದಿ ಒಡೆಯಿತು. ವಾರದಲ್ಲಿ ಅದು ಸತ್ತಿತು. ಹುಡುಗ ಅಳುತ್ತಾ ನಿಂತಿದ್ದ. ‘ಎಂತ ಮಾಡುವುದು ಡಾಕ್ಟ್ರೇ’ ಅಂದ. ನಾನು, ಸಮಾಧಾನಕ್ಕೆ ಅಂತ, ‘ಇನ್ನೊಂದು ತಗೊಳ್ಳಿ ಮಾರಾಯ್ರೆ, ಮನಸ್ಸು ಹಗುರ ಆಗುತ್ತದೆ’ ಅಂದುಬಿಟ್ಟೆ.

ಹನ್ನೆರಡನೇ ದಿನ ಅವನು ಇನ್ನೊಂದು ತಂದ. ಅದೇ ಪೆಟ್ಟಿಗೆ, ಅದೇ ಮರದ ಕೊಂಬೆ, ಅದೇ ನೀರಿನ ಬೋಗುಣಿ. ನವೆಂಬರ್‌ನಲ್ಲಿ ಅದೇ ಬಕೆಟ್ ಹಿಡಿದು ಮತ್ತೆ ಬಂದ. ಅದೇ ಸದ್ದು. ಅದೂ ಉಳಿಯಲಿಲ್ಲ. ಮೊದಲನೆಯದರ ರೋಗ ಪೆಟ್ಟಿಗೆಯಲ್ಲಿ ಉಳಿದುಕೊಂಡಿತ್ತಾ, ಇಲ್ಲ ಆ ಕೋಣೆಯ ಥಂಡಿ ಎರಡನ್ನೂ ತಿಂದಿತಾ? ಮೊದಲನೆಯದನ್ನು ಕೊಯ್ದು ನೋಡಿದ್ದರೆ ಹೇಳಬಹುದಿತ್ತು. ನೋಡಿರಲಿಲ್ಲ. ಎರಡನೆಯದು ಸತ್ತದ್ದರಲ್ಲಿ ನನ್ನ ಬಾಯಿಯ ಪಾಲು ದೊಡ್ಡದು.

ಅಂದಿನಿಂದ ಯಾರು ಕೇಳಿದರೂ ‘ತನ್ನಿ’ ಅಥವಾ ‘ಬೇಡ’ ಅನ್ನುವ ಮೊದಲು ಒಂದೇ ಪ್ರಶ್ನೆ ಹಾಕುತ್ತೇನೆ. ಹಿಂದಿನದು ಯಾಕೆ ಸತ್ತಿತು? ಅದು ಗೊತ್ತಾಗುವವರೆಗೆ ಮನಸ್ಸು ಸಿದ್ಧವಾಗಿದೆಯಾ ಇಲ್ಲವಾ ಅನ್ನುವ ಚರ್ಚೆಯೆಲ್ಲ ಆಮೇಲಿನದು.

ಎಳ್ಳುಂಡೆ ಮಣ್ಣು ಸೇರಿ ಎರಡು ತಿಂಗಳಾಯಿತು, ಇನ್ನು ಕೊಯ್ದು ನೋಡುವ ಹಾಗಿಲ್ಲ. ಓದುವ ಬೇರೆಯವರಿಗೆ ಬೇಕಾಗಬಹುದು ಅಂತ ಒಂದು ಮಾತು. ಸಾಕಿದ ಹಾವು ಸತ್ತರೆ ಕವರ್‌ನಲ್ಲಿ ಸುತ್ತಿ ಫ್ರಿಜ್ಜಿನ ಕೆಳಗಿನ ಭಾಗದಲ್ಲಿಡಿ. ಫ್ರೀಜರ್‌ನಲ್ಲಿ ಬೇಡ. ಮಂಜುಗಟ್ಟಿದರೆ ಒಳಗಿನ ಅಂಗಾಂಶ ಹಾಳಾಗಿ ಸೂಕ್ಷ್ಮದರ್ಶಕದಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ. ನಮ್ಮ ಕರಾವಳಿಯ ಸೆಕೆಗೆ ಹೊರಗಿಟ್ಟರೆ ಅರ್ಧ ದಿನ ಸಾಕು, ಕೊಳೆಯಲು ಶುರುವಾಗುತ್ತದೆ. ಹತ್ತಿರದಲ್ಲಿ ಶಿವಮೊಗ್ಗ, ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಮೊದಲೇ ಫೋನ್ ಮಾಡಿ ವಿಚಾರಿಸಿ, ಐಸ್ ಪ್ಯಾಕ್ ಇಟ್ಟು ಒಂದು ದಿನದೊಳಗೆ ಮುಟ್ಟಿಸಬೇಕು.

ಈಗ ನೀವು ಬರೆದದ್ದರಿಂದಲೇ ಲೆಕ್ಕ ಹಾಕೋಣ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಚೆನ್ನಾಗಿದ್ದ ಹಾವು. ಕರಾವಳಿಯ ಮೊದಲ ಮಳೆಗಾಲ. ಜೂನ್‌ನಲ್ಲಿ ಊಟ ಬಿಟ್ಟಿತು, ಆಗಸ್ಟ್‌ನಲ್ಲಿ ಬಾಯಿ ತೆರೆಯಿತು. ತಲೆ ಎತ್ತಿ ಬಾಯಿ ತೆರೆದು ಕೂತ ಹೆಬ್ಬಾವು ಅಂದರೆ ಹತ್ತಿರಹತ್ತಿರ ಶ್ವಾಸಕೋಶದ ಸೋಂಕೇ. ಹಾವಿಗೆ ನಮ್ಮ ಹಾಗೆ ವಪೆ (ಎದೆ-ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಇಲ್ಲ, ಕೆಮ್ಮಿ ಕಫ ಹೊರಗೆ ಹಾಕಲು ಬರುವುದಿಲ್ಲ. ಕಫ ಉದ್ದನೆಯ ಶ್ವಾಸಕೋಶದಲ್ಲಿ ಕೆಳಗೆ ಇಳಿದು ಅಲ್ಲೇ ನಿಲ್ಲುತ್ತದೆ. ಉಸಿರಾಟಕ್ಕೆ ಜಾಗ ಮಾಡಿಕೊಳ್ಳಲು ಅದು ತಲೆ ಎತ್ತುತ್ತದೆ. ನಮಗೆ ಆ ಭಂಗಿ ಕಾಣುವ ಹೊತ್ತಿಗೆ ರೋಗ ಒಳಗೆ ವಾರಗಟ್ಟಲೆ ಮನೆ ಮಾಡಿರುತ್ತದೆ. ಇಂಜೆಕ್ಷನ್ ಕೊಟ್ಟವರನ್ನೂ ದೂರಬೇಡಿ. ಹಾವಿಗೆ ಕೊಡುವ ಕೆಲವು ಆಂಟಿಬಯಾಟಿಕ್ ಮೂರು ದಿನಕ್ಕೊಂದು ಡೋಸ್, ಮೈ ಬೆಚ್ಚಗಿದ್ದರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ನಾಲ್ಕು ದಿನದಲ್ಲಿ ಯಾರೂ ಪವಾಡ ಮಾಡಲಾರರು.

ಈಗ ಆ ಸ್ವಿಚ್.

ಇಲ್ಲಿ ಹಾವು ಸಾಕುವ ಹೆಚ್ಚಿನವರು ಮಾಡುವ ತಪ್ಪು ಇದೇ. ‘ಉಡುಪಿಯಲ್ಲಿ ಎಂತ ಚಳಿ, ಹೀಟರ್ ಯಾಕೆ?’ ಜುಲೈ ತಿಂಗಳ ಮಳೆ ಹಿಡಿದ ಹಗಲಿನಲ್ಲಿ ನಿಮ್ಮ ಹಾಲ್ ಸುಮಾರು 25 ಡಿಗ್ರಿ ಇರುತ್ತದೆ. ನಮಗೆ ಹಾಯಾಗಿರುತ್ತದೆ, ಬೆವರು ಬೇರೆ. ಬಾಲ್ ಪೈಥಾನ್‌ಗೆ ಪೆಟ್ಟಿಗೆಯ ಒಂದು ಬದಿ 31-32 ಡಿಗ್ರಿ ಬೇಕು, ಇನ್ನೊಂದು ಬದಿ 25-27. ತನಗೆ ಬೇಕಾದಾಗ ಆ ಕಡೆ ಈ ಕಡೆ ಹರಿದಾಡಿ ಮೈ ಬಿಸಿ ಮಾಡಿಕೊಳ್ಳುವ ಪ್ರಾಣಿ ಅದು. ಹಗಲಿಡೀ 25ರಲ್ಲೇ ಬಿದ್ದಿದ್ದರೆ ತಿಂದದ್ದು ಜೀರ್ಣವಾಗುವುದಿಲ್ಲ, ಹಸಿವಾಗುವುದಿಲ್ಲ, ರೋಗದ ವಿರುದ್ಧ ಹೋರಾಡುವ ಶಕ್ತಿಯೂ ಕುಗ್ಗುತ್ತದೆ. ಜೂನ್‌ನಲ್ಲಿ ಊಟ ಬಿಟ್ಟದ್ದು ಅದಕ್ಕೇ ಇರಬೇಕು. ಈ ಜಾತಿಯ ಹಾವು ತಿಂಗಳುಗಟ್ಟಲೆ ಊಟ ಬಿಡುವುದು ಸಾಮಾನ್ಯ, ಅದರಲ್ಲಿ ನೀವು ಹೇಳಿದ್ದು ಸರಿ. ಆದರೆ ಊಟ ಬಿಟ್ಟಾಗ ವಾರಕ್ಕೊಮ್ಮೆ ತೂಕ ಹಾಕಬೇಕು. ಅಡುಗೆಮನೆಯ ತಕ್ಕಡಿ ಸಾಕು. ಹತ್ತರಲ್ಲಿ ಒಂದು ಪಾಲು ತೂಕ ಇಳಿದರೆ ಅದು ಉಪವಾಸ ಅಲ್ಲ, ಕಾಯಿಲೆ.

ಇನ್ನೊಂದು ಸಂಗತಿ ಇದೆ, ಅದು ಇನ್ನೂ ಮುಖ್ಯ. ಹೀಟರ್ ಬರೀ ಬಿಸಿಗಲ್ಲ, ಒಣಗಿಸುವುದಕ್ಕೂ ಬೇಕು. ಹಳೆ ಮನೆಗಳಲ್ಲಿ ಮಳೆಗಾಲದಲ್ಲಿ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದರಲ್ಲ, ಅದೇ ಲೆಕ್ಕ. 25 ಡಿಗ್ರಿಯಲ್ಲಿ 90 ಪರ್ಸೆಂಟ್ ತೇವಾಂಶ ಇರುವ ಗಾಳಿಯನ್ನು, ನೀರು ಸೇರಿಸದೆ, 31 ಡಿಗ್ರಿಗೆ ಬಿಸಿ ಮಾಡಿದರೆ ತೇವಾಂಶ ಸುಮಾರು 63ಕ್ಕೆ ಇಳಿಯುತ್ತದೆ. ಬಾಲ್ ಪೈಥಾನ್‌ಗೆ ಬೇಕಾದದ್ದು ಅಷ್ಟೇ, 55ರಿಂದ 70. ಅಂದರೆ ಬಿಸಿ ಸರಿಯಾಗಿದ್ದರೆ ನಮ್ಮ ಮಳೆಗಾಲ ಹಾವಿಗೆ ದೊಡ್ಡ ಶತ್ರು ಅಲ್ಲ. ಬಿಸಿ ಆರಿಸಿದರೆ ಪೆಟ್ಟಿಗೆ ಬಾವಿಯ ಕಟ್ಟೆಯ ಹಾಗೆ ಪಾಚಿಗಟ್ಟುತ್ತದೆ.

ಮತ್ತೆ, ಹೀಟ್ ಮ್ಯಾಟ್ ಗಾಜಿನ ತಳ ಬಿಸಿ ಮಾಡುತ್ತದೆ, ಗಾಳಿಯನ್ನು ಹೆಚ್ಚೇನೂ ಬಿಸಿ ಮಾಡುವುದಿಲ್ಲ. ಇಲ್ಲಿಗೆ ಮೇಲಿಂದ ಬಿಸಿ ಬೀಳುವ ಸಿರಾಮಿಕ್ ಬಲ್ಬ್ ಬೇಕು. ಸುತ್ತ ತಂತಿಯ ಗೂಡು, ಇಲ್ಲದಿದ್ದರೆ ಸುತ್ತಿಕೊಂಡು ಮೈ ಸುಟ್ಟುಕೊಳ್ಳುತ್ತದೆ. ಜೊತೆಗೆ, ಬಿಸಿ ಹೆಚ್ಚಾದರೆ ತಾನೇ ಆರಿಸುವ ಥರ್ಮೋಸ್ಟಾಟ್ ಇರಲೇಬೇಕು. ಅದಿಲ್ಲದ ಹೀಟರ್ ಏಪ್ರಿಲ್-ಮೇ ತಿಂಗಳಲ್ಲಿ ಕೊಲ್ಲುತ್ತದೆ, ಟೆರೇಸ್ ಕೆಳಗಿನ ಫ್ಲ್ಯಾಟ್ ಆದರಂತೂ ಕೇಳುವುದೇ ಬೇಡ. ಇದನ್ನೆಲ್ಲ ಮನೆಯ ಇನ್ವರ್ಟರ್‌ಗೆ ಹಾಕಿಸಿ. ಗಾಳಿಮಳೆಗೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ನೀವು ಪೆಟ್ಟಿಗೆಗೆ ಏನು ಹಾಸಿದ್ದಿರಿ ಅಂತ ಬರೆದಿಲ್ಲ. ತೆಂಗಿನ ನಾರಿನ ಪುಡಿ ಆಗಿದ್ದರೆ ನೀರಿನ ಬೋಗುಣಿ ಎತ್ತಿ ಅದರ ಅಡಿ ನೋಡಿ. ಬಿಳಿ ಬೂಷ್ಟಿನ ಒಂದು ಬಳೆ ಸಿಗುತ್ತದೆ ಅಂತ ನನ್ನ ಊಹೆ. ಬೆಂಗಳೂರಿನಲ್ಲಿ ಆ ಪುಡಿ ಒಳ್ಳೆಯದು, ಅಲ್ಲಿ ಒಣಹವೆಗೆ ತೇವ ಹಿಡಿದಿಡುತ್ತದೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೀ ದಿನಪತ್ರಿಕೆ ಹಾಸುವುದೇ ಸರಿ. ಚಂದ ಕಾಣುವುದಿಲ್ಲ ನಿಜ. ಆದರೆ ಒದ್ದೆಯಾದ ತಕ್ಷಣ ಕಾಣುತ್ತದೆ, ತೆಗೆದು ಬಿಸಾಡಬಹುದು.

ಹಾಗಾದರೆ ನಿಮ್ಮ ತಪ್ಪಾ? ಸುಮ್ನೆ ಸಮಾಧಾನ ಹೇಳಿ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ, ಅದಕ್ಕೆ ಇದ್ದದ್ದು ಹೇಳುತ್ತೇನೆ. ಬಹುಪಾಲು ಹೌದು ಅನ್ನಿಸುತ್ತದೆ. ಗೊತ್ತಿಲ್ಲದೆ ಆದದ್ದು, ಉದಾಸೀನದಿಂದ ಅಲ್ಲ. ಊರು ಬದಲಾಯಿತು, ಅಭ್ಯಾಸ ಬದಲಾಯಿತು, ಹಾವಿನ ಲೆಕ್ಕ ಬದಲಾಗಲಿಲ್ಲ. ಇದರಲ್ಲಿ ಒಂದು ಒಳ್ಳೆಯದೂ ಇದೆ. ಸ್ವಿಚ್ಚಿನ ತಪ್ಪು ಸರಿಪಡಿಸುವಂಥದ್ದು. ಕಾರಣವೇ ತಿಳಿಯದೆ ಸತ್ತಿದ್ದರೆ ನಾನು ನಿಮಗೆ ಇನ್ನೊಂದು ಹಾವು ಬೇಡವೇ ಬೇಡ ಅನ್ನುತ್ತಿದ್ದೆ.

ಆದರೂ ಒಂದು ಸಂಶಯ ಉಳಿಯುತ್ತದೆ. ಬಾಲ್ ಪೈಥಾನ್‌ಗಳಿಗೆ ನೈಡೋವೈರಸ್ ಅನ್ನುವ ವೈರಸ್ ಬರುತ್ತದೆ, 2014ರಲ್ಲಿ ವಿಜ್ಞಾನಿಗಳು ಅದರ ಬಗ್ಗೆ ಬರೆದರು. ಲಕ್ಷಣ ಇದೇ, ಬಾಯಲ್ಲಿ ಲೋಳೆ, ಉಸಿರಾಟದ ಕಷ್ಟ. ಅದಕ್ಕೆ ಮದ್ದಿಲ್ಲ. ಬೇರೆ ಹಾವಿನ ಸಂಪರ್ಕ ಇಲ್ಲದ ಹಾವಿಗೆ ಬರುವ ಸಾಧ್ಯತೆ ಕಡಿಮೆ, ಆದರೆ ಹೊತ್ತುಕೊಂಡೇ ಬಂದು ವರ್ಷಗಟ್ಟಲೆ ಸುಮ್ಮನಿರಲೂಬಹುದು. ಆದ್ದರಿಂದ ಸೋಂಕು ಇತ್ತು ಅಂತಲೇ ಇಟ್ಟುಕೊಂಡು ಪೆಟ್ಟಿಗೆ ತೊಳೆಯಿರಿ. ಮರದ ಕೊಂಬೆ, ಬಿದಿರಿನ ಗೂಡು, ತೆಂಗಿನ ಚಿಪ್ಪು, ಹೀಗೆ ನೀರು ಹೀರುವಂಥದ್ದೆಲ್ಲ ಬಿಸಾಡಿ. ಗಾಜನ್ನು ಮೊದಲು ಸೋಪು ಹಾಕಿ ಉಜ್ಜಿ. ಕೊಳೆ ಇರುವ ಕಡೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಆಮೇಲೆ ಒಂದು ಪಾಲು ಮನೆಬಳಕೆಯ ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು, ವಾಸನೆ ಹೋಗುವವರೆಗೆ ತೊಳೆಯಿರಿ. ಅದಕ್ಕೆ ಬಾತ್‌ರೂಮ್ ಆ್ಯಸಿಡ್, ಅಮೋನಿಯಾ ಏನನ್ನೂ ಸೇರಿಸಬೇಡಿ, ವಿಷದ ಹೊಗೆ ಬರುತ್ತದೆ. ಕೊನೆಗೆ ಟೆರೇಸ್‌ನಲ್ಲಿ ಎರಡು ದಿನ ಬಿಸಿಲು. ಈಗ ಅಕ್ಟೋಬರ್, ಬಿಸಿಲಿಗೇನೂ ಬರ ಇಲ್ಲ.

ಸ್ಪೈಡರ್ ಮರಿಯ ವಿಷಯ ಬೇಗ ಮುಗಿಸುತ್ತೇನೆ. ಬೇಡ. ಜೇಡರ ಬಲೆಯ ಹಾಗಿರುವ ಆ ಗೆರೆಗಳನ್ನು ತರುವ ವಂಶವಾಹಿಯೇ ತಲೆ ನಡುಗುವ ದೋಷವನ್ನೂ ತರುತ್ತದೆ. ಕೆಲವಕ್ಕೆ ಸ್ವಲ್ಪ, ಕೆಲವಕ್ಕೆ ಎಷ್ಟೆಂದರೆ ಇಲಿಗೆ ಬಾಯಿ ಹಾಕಿದರೆ ಗುರಿ ತಪ್ಪುತ್ತದೆ, ಮಗುಚಿ ಬೀಳುತ್ತದೆ. ನೀವು ಈಗತಾನೇ ಒಂದನ್ನು ಕಳೆದುಕೊಂಡಿದ್ದೀರಿ. ಅದರ ತಲೆ ಅಲುಗಿದಾಗಲೆಲ್ಲ ನಿಮ್ಮ ಎದೆ ಧಸಕ್ ಅನ್ನುತ್ತದೆ. ಬಣ್ಣಕ್ಕೋಸ್ಕರ ಅಂಥ ಮರಿ ಹುಟ್ಟಿಸುವುದೇ ನನಗೆ ಹಿಡಿಸದ ಕೆಲಸ, ಅದು ಬೇರೆ ಮಾತು.

ಬೇರೆ ಮರಿ ಆದರೂ ಕಾಗದ ನೋಡದೆ ಕೈ ಚಾಚಬೇಡಿ. ಬಾಲ್ ಪೈಥಾನ್, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಇಂಥ ಪ್ರಾಣಿಗಳು ನಾಲ್ಕನೇ ಅನುಸೂಚಿಗೆ ಸೇರಿದವು. 2024ರ ಫೆಬ್ರವರಿಯ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಇಟ್ಟುಕೊಂಡದ್ದು ಮಾತ್ರ ಅಲ್ಲ, ಮರಿ ಹುಟ್ಟಿದ್ದು, ಕೈ ಬದಲಾದದ್ದು, ಸತ್ತದ್ದು ಎಲ್ಲ ಅಲ್ಲಿ ದಾಖಲಾಗಬೇಕು. ಹಾಗಾಗಿ ಎಳ್ಳುಂಡೆ ಸತ್ತ ವಿಷಯ ತಿಳಿಸಿಲ್ಲದಿದ್ದರೆ ಮೊದಲು ತಿಳಿಸಿ. ಅದರ ಪತ್ರ ಇದೆಯಲ್ಲ ಅಂತ ಹೊಸ ಹಾವನ್ನು ಅದರ ಹೆಸರಿನಲ್ಲಿ ನಡೆಸುವ ಹಾಗಿಲ್ಲ, ಹಾಗೆ ಐಡಿಯಾ ಕೊಡುವವರೂ ಇದ್ದಾರೆ. ಕೊಡುವವರ ಬಳಿ ತಾಯಿ ಹಾವಿನ ನೋಂದಣಿ, ಮರಿಯ ದಾಖಲೆ ಕೇಳಿ. ‘ಆಮೇಲೆ ಮಾಡಿದರಾಯಿತು’ ಅಂದರೆ ಅಲ್ಲಿಗೆ ಮಾತು ನಿಲ್ಲಿಸಿ. ನಮ್ಮ ಊರಿನ ಹಾವುಗಳ ಮಾತಂತೂ ಎತ್ತುವುದೇ ಬೇಡ. ಹೆಬ್ಬಾವು, ಕೇರೆ, ಮಣ್ಣುಮುಕ್ಕ, ಯಾವುದನ್ನೂ ಹಿಡಿದು ಸಾಕುವಂತಿಲ್ಲ. ತೋಟದಲ್ಲಿ ಸಿಕ್ಕಿದ ಪೆರ್ಮರಿಯ (ನಮ್ಮ ಹೆಬ್ಬಾವಿನ) ಮರಿಯನ್ನು ಡಬ್ಬಿಯಲ್ಲಿಟ್ಟುಕೊಂಡು ‘ಇದೂ ಪೈಥಾನೇ ಅಲ್ವಾ’ ಅಂತ ನನ್ನ ಹತ್ತಿರ ತಂದವರಿದ್ದಾರೆ. ಅರಣ್ಯ ಇಲಾಖೆಗೆ ಫೋನ್ ಮಾಡಿಸಿ ಕಳಿಸಿದ್ದೆ.

ಇನ್ನು ಮನಸ್ಸಿನ ಮಾತು. ಹಾವು ಸತ್ತು ಅತ್ತರೆ ಜನ ನಗುತ್ತಾರೆ. ‘ನಾಯಿಯಾದರೆ ಸರಿ, ಅದಕ್ಕೆ ನಿನ್ನ ಗುರುತಾದರೂ ಇತ್ತಾ?’ ಅಂತ ಕೇಳಿರುತ್ತಾರೆ. ನಾಯಿಯ ಹಾಗೆ ಅದು ಬಾಗಿಲಿಗೆ ಬಂದು ಕಾಯುವುದಿಲ್ಲ, ನಿಜ. ಹಾವು ಪ್ರೀತಿಸುತ್ತದೆ ಅಂತ ನಾನೂ ಹೇಳುವುದಿಲ್ಲ. ಆದರೆ ಅದು ಅಭ್ಯಾಸವಾಗುತ್ತದೆ. ಬಾಲ್ ಪೈಥಾನ್ ಉಂಡೆಯಾಗುವುದು ಹೆದರಿಕೆಗೆ. ತಲೆಯನ್ನು ಸುರುಳಿಯ ನಡುವೆ ಬಚ್ಚಿಟ್ಟುಕೊಳ್ಳುತ್ತದೆ. ಒಂದು ದಿನ ನಿಮ್ಮ ಕೈಯಲ್ಲಿ ಅದು ಉಂಡೆಯಾಗದೆ ಬಿಡಿಸಿಕೊಂಡು, ನಾಲಿಗೆ ಚಾಚುತ್ತಾ ಮೊಣಕೈವರೆಗೆ ಹರಿದಿರಬೇಕು. ಆ ದಿನ ನಿಮಗೆ ನೆನಪಿರುತ್ತದೆ. ಕಳೆದುಹೋದದ್ದು ಅದು. ಹೊಸ ಮರಿ ಬಂದರೆ ಮತ್ತೆ ಮೊದಲಿನಿಂದ ಉಂಡೆ. ಆರು ತಿಂಗಳು, ಒಂದು ವರ್ಷ. ಅದನ್ನು ಎಳ್ಳುಂಡೆಗೆ ಹೋಲಿಸದೆ ಕಾಯುವ ತಾಳ್ಮೆ ಈಗ ಇದೆಯಾ ಅಂತ ನೋಡಿಕೊಳ್ಳಿ. ಹೆಸರು ಕೂಡ ಅದೇ ಇಡಬೇಕು ಅನ್ನಿಸುತ್ತಿದ್ದರೆ ಇನ್ನೂ ಸ್ವಲ್ಪ ದಿನ ಬಿಡಿ.

ಲೆಕ್ಕದ ಇನ್ನೊಂದು ಬದಿಯೂ ಇದೆ. ಚೆನ್ನಾಗಿ ನೋಡಿಕೊಂಡರೆ ಇವು 20-30 ವರ್ಷ ಬದುಕುತ್ತವೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ ಕನಿಷ್ಠ 62 ವರ್ಷದ ಒಂದು ಮುದುಕಿ ಬಾಲ್ ಪೈಥಾನ್ 2020ರಲ್ಲಿ, ಹತ್ತಾರು ವರ್ಷದಿಂದ ಗಂಡಿನ ಸಹವಾಸವೇ ಇಲ್ಲದೆ, ಏಳು ಮೊಟ್ಟೆ ಇಟ್ಟು ಸುದ್ದಿಯಾಗಿತ್ತು. ನಿಮಗೀಗ 33. ಬ್ಯಾಂಕ್ ಕೆಲಸ ಅಂದರೆ ಇನ್ನೂ ಎಷ್ಟು ವರ್ಗಾವಣೆಯೋ. ಒಂದೇ ವರ್ಗಾವಣೆ ಎಳ್ಳುಂಡೆಗೆ ಏನು ಮಾಡಿತು ಅಂತ ನೋಡಿದಿರಲ್ಲ. ಮುಂದಿನ ಸಲ ಬೇರೆ ರಾಜ್ಯಕ್ಕೆ ಹಾಕಿದರೆ ಹಾವು ಎಲ್ಲಿ? ‘ನಿನ್ನ ಇಷ್ಟ’ ಅಂದ ಗಂಡನನ್ನು ಕೂರಿಸಿಕೊಂಡು ಈ ಪ್ರಶ್ನೆ ಕೇಳಿ. ನಿಮ್ಮ ಇಷ್ಟ ಸರಿ, ನೀವು ಟ್ರೈನಿಂಗ್‌ಗೆ ಹದಿನೈದು ದಿನ ಹೋದಾಗ ಫ್ರೀಜರ್‌ನಿಂದ ಇಲಿ ತೆಗೆದು, ಬಿಸಿನೀರಿನಲ್ಲಿ ಕರಗಿಸಿ, ಇಕ್ಕಳದಲ್ಲಿ ಹಿಡಿದು ಕೊಡುವವರು ಯಾರು? ಬಂಗುಡೆಯ ಪಕ್ಕದಲ್ಲಿ ಇಲಿಯ ಡಬ್ಬಿ ಇರುವ ಫ್ರಿಜ್ಜನ್ನು ಒಪ್ಪಿಕೊಳ್ಳುವುದು ‘ನಿನ್ನ ಇಷ್ಟ’ಕ್ಕಿಂತ ದೊಡ್ಡ ಮಾತು.

ತಾಯಿಯವರ ಮಾತನ್ನು ಮೂಢನಂಬಿಕೆ ಅಂತ ತಳ್ಳಬೇಡಿ. ‘ಅಮ್ಮಾ, ಇದು ನಾಗರಹಾವಲ್ಲ, ಆಫ್ರಿಕಾದ್ದು’ ಅಂತ ವಾದ ಮಾಡಿದರೂ ಗೆಲ್ಲುವುದಿಲ್ಲ. ತಮಾಷೆ ಏನೆಂದರೆ, ಪಶ್ಚಿಮ ಆಫ್ರಿಕಾದ ಬೆನಿನ್ ದೇಶದಲ್ಲಿ ವಿಡಾ ಅಂತ ಒಂದು ಊರು, ಅಲ್ಲಿ ಇದೇ ಬಾಲ್ ಪೈಥಾನ್‌ಗೆ ಗುಡಿ ಇದೆ. ಅವು ಗುಡಿಯಿಂದ ಹೊರಗೆ ಬಂದು ಮನೆಗಳಿಗೆ ಹೋದರೂ ಜನ ಕೊಲ್ಲುವುದಿಲ್ಲ. ನೈಜೀರಿಯಾದ ಇಗ್ಬೋ ಜನರಲ್ಲಿ ಈ ಹಾವು ಅಕಸ್ಮಾತ್ ಸತ್ತರೆ ಮನುಷ್ಯರಿಗೆ ಮಾಡುವ ಹಾಗೆ ಸಂಸ್ಕಾರ ಮಾಡುವ ಕಡೆಗಳಿವೆ. ರಸ್ತೆಯಲ್ಲಿ ಸತ್ತ ನಾಗರಹಾವು ಕಂಡರೆ ನಮ್ಮಲ್ಲಿ ಭಟ್ಟರನ್ನು ಕರೆಸುತ್ತಾರಲ್ಲ, ಹಾಗೆಯೇ. ನಿಮ್ಮ ತಾಯಿ ಹಾಲು ಹೊಯ್ದದ್ದು ಗೊತ್ತಿಲ್ಲದೆಯೇ ಆ ಊರಿನವರ ರೀತಿಗೆ ಹತ್ತಿರವಾಯಿತು. ಈ ಕಥೆ ಅವರಿಗೆ ಹೇಳಿ, ಖುಷಿಪಟ್ಟಾರು.

ಆದರೆ ಅವರು ಹೇಳಿದ್ದನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ. ‘ಹಾವು ಬೇಡ’ ಅನ್ನುವುದಕ್ಕಿಂತ ಅವರ ತಕರಾರು ಪೆಟ್ಟಿಗೆಯ ಮೇಲೆ. ಮನೆಯ ಮೂಲೆಯಲ್ಲಿ ನಾಗನಿಗೆ ಬನ ಬಿಟ್ಟು, ಅಲ್ಲಿ ಕತ್ತಿ ಆಡಿಸದೆ, ಒಣಗಿದ ಕೊಂಬೆಯನ್ನೂ ತರದೆ ಇದ್ದ ಊರು ನಮ್ಮದು. ಹಾವಿಗೆ ಅದರ ಜಾಗ ಬಿಟ್ಟುಕೊಡಬೇಕು ಅನ್ನುವುದು ಅವರ ಲೆಕ್ಕ. ಹಾವು ಸಾಕುವವರಿಗೆ ನಾನು ಹೇಳುವುದೂ ಹೆಚ್ಚು ಕಡಿಮೆ ಅದೇ. ಮೂರೂವರೆ-ನಾಲ್ಕು ಅಡಿ ಬೆಳೆಯುವ ಪ್ರಾಣಿಗೆ ಅದು ಉದ್ದಕ್ಕೆ ಚಾಚಿಕೊಳ್ಳುವಷ್ಟು ಪೆಟ್ಟಿಗೆ ಬೇಕು, ಎರಡು ಬದಿಗೂ ಅಡಗುವ ಗೂಡು ಬೇಕು, ಮುಟ್ಟದೆ ಬಿಡುವ ದಿನಗಳು ಬೇಕು. ನಿಮ್ಮದು ಎರಡಡಿಯ ಮೀನಿನ ತೊಟ್ಟಿಯಂಥ ಪೆಟ್ಟಿಗೆ ಆಗಿದ್ದರೆ ತಾಯಿಯವರ ಮಾತೇ ಸರಿ ಅನ್ನುತ್ತೇನೆ. ಹಾಗಿದ್ದರೆ ಅದನ್ನು ತೊಳೆಯುವ ಕಷ್ಟವೂ ಬೇಡ.

ಹಾವು ಮನೆಗೆ ತರದೆಯೂ ಇರಬಹುದು, ಅದೂ ಸೋಲಲ್ಲ. ಮಂಗಳೂರಿನ ಪಿಲಿಕುಳ ಮೃಗಾಲಯಕ್ಕೆ ಜನ ಕಡಿಮೆ ಇರುವ ದಿನ ಹೋಗಿ ಕಾಳಿಂಗದ ಮುಂದೆ ಅರ್ಧ ಗಂಟೆ ನಿಲ್ಲಿ. 2005ರಲ್ಲಿ ಹಾವುಗಳ ತಜ್ಞ ರೋಮುಲಸ್ ವಿಟೇಕರ್ ಶುರು ಮಾಡಿದ ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರ ನಿಮ್ಮ ಮನೆಯಿಂದ ಘಾಟಿ ಹತ್ತಿದರೆ ಸಿಗುತ್ತದೆ. ದುಃಖ ಮರೆಯಲು ಹಾವು ಹಿಡಿಯುವವರ ಹಿಂದೆ ಮಾತ್ರ ಹೋಗಬೇಡಿ. ಅದು ತರಬೇತಿ, ಅನುಮತಿ ಇರುವವರ ಕೆಲಸ.

ನೇರವಾಗಿ ಕೇಳಿದ್ದೀರಿ, ನೇರವಾಗಿ ಹೇಳುತ್ತೇನೆ. ಇನ್ನೊಂದು ತರಬಹುದು, ಆದರೆ ಈ ವರ್ಷ ಅಲ್ಲ. ಈಗ ತಂದರೆ ಮೇವರೆಗೆ ಏನೂ ತೊಂದರೆ ಕಾಣುವುದಿಲ್ಲ. ಎಲ್ಲ ಸರಿ ಇದೆ ಅಂತ ನಂಬಿಕೆ ಬರುತ್ತದೆ. ಜೂನ್‌ನಲ್ಲಿ ಮತ್ತೆ ಅದೇ ಪರೀಕ್ಷೆ, ಆಗ ಒಳಗೆ ಜೀವ ಇರುತ್ತದೆ. ಅದರ ಬದಲು ಮುಂದಿನ ಮಳೆಗಾಲ ಪೂರ್ತಿ ಖಾಲಿ ಪೆಟ್ಟಿಗೆಯನ್ನೇ ಓಡಿಸಿ ನೋಡಿ. ಸಿರಾಮಿಕ್ ಬಲ್ಬ್, ಥರ್ಮೋಸ್ಟಾಟ್, ನೀರು ತುಂಬಿದ ಬೋಗುಣಿ, ಕೆಳಗೆ ದಿನಪತ್ರಿಕೆ, ಎಲ್ಲ ಹಾವಿದ್ದ ಹಾಗೆಯೇ. ಎರಡು ಬದಿಗೆ ಒಂದೊಂದು ಡಿಜಿಟಲ್ ಮೀಟರ್. ಮುಳ್ಳಿನ ಮೀಟರ್ ಬೇಡ, ಅದು ಸುಳ್ಳು ಹೇಳುತ್ತದೆ. ಆ ಬೆಂಗಳೂರಿನ ಮರಿ ಬೇರೆಯವರ ಪಾಲಾಗುತ್ತದೆ, ಆಗಲಿ.

ಒಂದು ನೋಟ್‌ಬುಕ್ ಇಡಿ. ಜೂನ್ ಮೊದಲ ಮಳೆಯಿಂದ ದಿನಾ ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ನಾಲ್ಕು ಅಂಕಿ ಬರೆಯಿರಿ, ಎರಡು ಬದಿಯ ಬಿಸಿ, ಎರಡು ಬದಿಯ ತೇವ. ಕರೆಂಟ್ ಹೋದ ದಿನ ಎಷ್ಟು ಹೊತ್ತು ಹೋಗಿತ್ತು ಅಂತಲೂ ಬರೆಯಿರಿ. ಬಿಸಿ ಬದಿ 31-32ರಲ್ಲಿ ನಿಂತು, ಆ ಬದಿಯ ತೇವ 70 ದಾಟದೆ, ಕಾಗದ ಗರಿಗರಿಯಾಗಿ ಉಳಿದರೆ ನಿಮ್ಮ ಮನೆ ಹಾವಿಗೆ ಸಿದ್ಧ. ಮೂರು ತಿಂಗಳು ಖಾಲಿ ಪೆಟ್ಟಿಗೆಯ ಅಂಕಿ ಬರೆಯಲು ನಿಮಗೇ ಬೇಸರ ಬಂದರೆ ಅದನ್ನೂ ಬರೆದಿಡಿ. ಆಗಸ್ಟ್ ಕೊನೆಗೆ ಆ ಪುಟಗಳ ಫೋಟೋ ತೆಗೆದು ನನಗೆ ಕಳಿಸಿ, ನೋಡಿ ಹೇಳುತ್ತೇನೆ.